ಸೆಲ್ಮಾ ದಾರಿಯ ಹುಲ್ಲು, ಸಿಂಧನೂರಿನ ಕೆಸರು

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ಹೋಗುವ 87 ಕಿಲೋಮೀಟರ್ ಹಾದಿಯನ್ನು ಜಗತ್ತು ನೆನಪಿಟ್ಟಿರುವುದು 1965ರ ಮಾರ್ಚ್ ತಿಂಗಳ ನಡಿಗೆಗಾಗಿ. ಮತದಾನದ ಹಕ್ಕು ಕೇಳಿದ ಆಫ್ರಿಕನ್ ಅಮೆರಿಕನ್ನರು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಲಾಠಿ ಏಟು ತಿಂದು, ಅದೇ ತಿಂಗಳು ಮತ್ತೆ ಹೊರಟು ರಾಜಧಾನಿ ಮುಟ್ಟಿದ ಹಾದಿ ಅದು. ಆ ಚರಿತ್ರೆಗಾಗಿಯೇ ಹೋದವರಿಗೂ ದಾರಿಯುದ್ದಕ್ಕೂ ಕಾಣುವುದು ಹುಲ್ಲು. ಬಯಲು, ಸಣ್ಣ ದಿಬ್ಬ, ಮತ್ತೆ ಬಯಲು. ಅಲ್ಲಲ್ಲಿ ದನಗಳು, ಉರುಳೆಯಾಗಿ ಸುತ್ತಿಟ್ಟ ಒಣಹುಲ್ಲು, ಓಕ್ ಮರಗಳಿಂದ ಇಳಿಬಿದ್ದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್. ಊರಿಗೆ ಮರಳಿದ ಮೇಲೆ ಸೇತುವೆಯ ಚಿತ್ರ ಮನಸ್ಸಿನಲ್ಲಿ ತನ್ನ ಜಾಗ ಹಿಡಿದು ಕೂತಿದೆ. ಕಾಡುತ್ತಿರುವುದು ಮಾತ್ರ ಆ ಹುಲ್ಲು ಕತ್ತರಿಸುವ ಹಳೆಯ ಯಂತ್ರದ ಗೇರ್‌ಬಾಕ್ಸ್ ಮತ್ತು ಅದರ ರಿಪೇರಿ. ನಲವತ್ತು ವರ್ಷ ದುಡಿದ ಒಂದು ಕಬ್ಬಿಣದ ಪೆಟ್ಟಿಗೆಯನ್ನು ಬಿಚ್ಚಿ, ಸರಿಮಾಡಿ, ಮತ್ತೆ ಹೊಲಕ್ಕಿಳಿಸಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಯಾರು? ಕೈಚಳಕದ ಮೇಸ್ತ್ರಿ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆ ಉತ್ತರ ಸಾಲದು ಎಂಬುದು ಈ ಬರಹದ ವಾದ.

ಮೊದಲು ಆ ನೆಲದ ಮಾತು. ಸೆಲ್ಮಾ ಇರುವ ಪಟ್ಟಿಗೆ ಬ್ಲ್ಯಾಕ್ ಬೆಲ್ಟ್ ಎಂದು ಹೆಸರು. ಕೆಳಗೆ ಸುಣ್ಣದ ಕಲ್ಲು, ಮೇಲೆ ಅಂಟು ಜೇಡಿಯ ಕರಿಮಣ್ಣು. ಮಳೆಗೆ ಕಾಲು ಕಚ್ಚಿ ಹಿಡಿಯುವ, ಬೇಸಿಗೆಗೆ ಬಾಯಿಬಿಡುವ ಆ ಮಣ್ಣನ್ನು ಗದಗ, ರಾಯಚೂರಿನ ರೈತ ನೋಡಿದರೆ ಎರೆ ಎಂದೇ ಗುರುತಿಸುತ್ತಾನೆ. ಅಲ್ಲಿಯೂ ಅದು ಹತ್ತಿಯ ನೆಲವೇ ಆಗಿತ್ತು. ಗುಲಾಮರ ಬೆವರಿನಲ್ಲಿ ಬೆಳೆದ ಹತ್ತಿ. 1910ರ ಹೊತ್ತಿಗೆ ಬೋಲ್ ವೀವಿಲ್ ಎಂಬ ಕಾಯಿಕೊರಕ ದುಂಬಿ ಅಲಬಾಮಾಕ್ಕೆ ಬಂತು, ಮುಂದಿನ ದಶಕಗಳಲ್ಲಿ ಹತ್ತಿ ಹಿಂದೆ ಸರಿಯಿತು, ದನದ ಹುಲ್ಲುಗಾವಲು ಮತ್ತು ಕ್ಯಾಟ್‌ಫಿಶ್ ಕೊಳಗಳು ಬಂದವು. ಮಣ್ಣು ಒಂದೇ ಆದರೂ ಮಳೆ ಬೇರೆ. ರಾಯಚೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬಿದ್ದರೆ ಅಲ್ಲಿ 1,300ಕ್ಕೂ ಹೆಚ್ಚು. ನಮ್ಮಲ್ಲಿ ಬೀಳು ಬಿಟ್ಟ ಹೊಲವನ್ನು ಕುರಿ, ಆಡು, ದನಗಳೇ ಬೋಳು ಮಾಡುತ್ತವೆ. ಮೀರಿ ಬೆಳೆದರೆ ಬಳ್ಳಾರಿ ಜಾಲಿ. ಅಲ್ಲಿ ಎರಡು ವರ್ಷ ಕೈಬಿಟ್ಟ ಬಯಲಿನಲ್ಲಿ ರೆಡ್ ಸೀಡರ್ ಸಸಿಗಳು ತಲೆಯೆತ್ತುತ್ತವೆ, ಇನ್ನಷ್ಟು ವರ್ಷ ಬಿಟ್ಟರೆ ಅದು ಕಾಡು. ಅದಕ್ಕೂ ಮೊದಲು ನುಗ್ಗುವುದು ಜಾನ್ಸನ್ ಹುಲ್ಲು. 1840ರ ಸುಮಾರಿಗೆ ಸೆಲ್ಮಾ ಬಳಿಯ ನದೀಬಯಲಿನಲ್ಲಿ ಅದನ್ನು ಮೇವಿಗೆಂದು ಬಿತ್ತಿದ ಜಮೀನ್ದಾರ ವಿಲಿಯಂ ಜಾನ್ಸನ್‌ನ ಹೆಸರೇ ಅದಕ್ಕೆ ಉಳಿಯಿತು. ಅದು ನಮ್ಮ ಜೋಳದ ದಾಯಾದಿ, ಅದೇ ಕುಲದ ಗಿಡ. ಆಳೆತ್ತರ ಬೆಳೆಯುತ್ತದೆ, ನೆಲದಡಿಯ ಗೆಡ್ಡೆಬೇರಿನಿಂದ ಮತ್ತೆ ಮತ್ತೆ ಚಿಗುರುತ್ತದೆ. ಜೋಳದ ದಂಟನ್ನು ಸಂಪತ್ತೆಂದು ಬಣವೆ ಒಟ್ಟುವ ಸೀಮೆಯಿಂದ ಹೋದವರಿಗೆ, ಅದರ ದಾಯಾದಿಯನ್ನು ವೈರಿಯೆಂದು ಕೊಚ್ಚುವುದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಈ ಕೊಚ್ಚುವ ಕೆಲಸಕ್ಕೇ ಇರುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರೋಟರಿ ಕಟರ್. 1951ರಲ್ಲಿ ಶುರುವಾದ ಬುಷ್ ಹಾಗ್ ಕಂಪನಿಯ ಊರು ಇದೇ ಸೆಲ್ಮಾ. ಯಂತ್ರ ನೋಡಲು ಸರಳ: ದಪ್ಪ ತಗಡಿನ ಚಪ್ಪರ, ಅದರಡಿ ತಿರುಗುವ ಭಾರದ ಪಟ್ಟಿ, ಪಟ್ಟಿಯ ಎರಡು ತುದಿಗೆ ಬೋಲ್ಟಿನ ಮೇಲೆ ತೂಗಾಡುವ ಬ್ಲೇಡುಗಳು. ಕಲ್ಲೋ ಮೋಟೋ ಸಿಕ್ಕರೆ ಬ್ಲೇಡು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಚಪ್ಪರದ ನಡುವೆ ಕೂತ ಗೇರ್‌ಬಾಕ್ಸ್ ಪಿಟಿಒದಿಂದ, ಅಂದರೆ ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಷಾಫ್ಟಿನಿಂದ, ಅಡ್ಡಲಾಗಿ ಬರುವ ಸುತ್ತನ್ನು ಕೆಳಮುಖಕ್ಕೆ ತಿರುಗಿಸುತ್ತದೆ. ನಿಮಿಷಕ್ಕೆ 540 ಸುತ್ತಿನಲ್ಲಿ ಬಂದದ್ದನ್ನು ಒಂದೂವರೆಯಿಂದ ಎರಡು ಪಟ್ಟಿನವರೆಗೆ ಏರಿಸಿ ಬ್ಲೇಡಿಗೆ ಕೊಡುತ್ತದೆ. ಒಳಗೆ ಎರಡು ಬೆವೆಲ್ ಗೇರುಗಳು, ಎರಡು ಷಾಫ್ಟುಗಳು, ನಾಲ್ಕು ಬೇರಿಂಗುಗಳು, ಎರಡು ಮೂರು ಆಯಿಲ್ ಸೀಲುಗಳು, ಒಂದಿಷ್ಟು ತೊಂಬತ್ತರ ಆಯಿಲು. ಇಷ್ಟೇ ಇರುವುದರಿಂದಲೇ ಅದು ನಾಲ್ಕು ದಶಕ ಬಾಳುತ್ತದೆ, ಮತ್ತು ಅದರ ಕೇಡು ಯಾವಾಗಲೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತದೆ.

ಆ ಕ್ರಮವನ್ನು ತಿಳಿಯಲು ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಬೇಕು. ದಾರಿಬದಿಯಲ್ಲಿ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ಬೆಂದ ಹಸಿ ಶೇಂಗಾ ಮಾರುತ್ತಾರೆ. ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡರೆ ನಮ್ಮ ಕಡೆಯ ಶೇಂಗಾ ಸುಗ್ಗಿಯ ರುಚಿಯೇ, ಉಪ್ಪು ಮಾತ್ರ ಒಂದು ಕೈ ಮುಂದು. ಊಟದ ಮನೆಗಳಲ್ಲಿ ಮೆಕ್ಕೆಜೋಳದ ನುಚ್ಚಿನ ಗ್ರಿಟ್ಸ್, ಹಿಟ್ಟು ಹಚ್ಚಿ ಕರಿದ ಬೆಂಡೆಕಾಯಿ ಮತ್ತು ಕ್ಯಾಟ್‌ಫಿಶ್, ಬೇಯಿಸಿದ ಕಾಲರ್ಡ್ ಸೊಪ್ಪು. ಬೆಂಡೆ ಆಫ್ರಿಕಾದಿಂದ ಬಂದದ್ದು. ಆ ತಟ್ಟೆಯಲ್ಲಿ ಹತ್ತಿ ಹೊಲದ ಪೂರ್ತಿ ಚರಿತ್ರೆಯಿದೆ. ಊಟ ಮುಗಿಸಿ ಹೊರಬಂದರೆ ರೈತರ ಸಹಕಾರಿ ಅಂಗಡಿ, ಅಲ್ಲಿನವರ ಬಾಯಲ್ಲಿ ಕೋ-ಆಪ್. ಬೀಜ, ಬೇಲಿ ತಂತಿ, ದನದ ಉಪ್ಪಿನ ಗಡ್ಡೆಗಳ ನಡುವೆ ಒಂದು ಸಾಲಿನ ತುಂಬ ಬೋಲ್ಟು, ಸೀಲು, ಗೇರ್ ಆಯಿಲು. ಇಂಥ ಕೌಂಟರಿನಲ್ಲಿ ನಡೆಯುವ ಮಾತು ಗಮನಿಸುವಂಥದು. ಯಂತ್ರ ಯಾವ ಬಣ್ಣದ್ದು, ಯಾವ ಕಂಪನಿಯದು ಎಂಬುದಕ್ಕಿಂತ ಹೆಚ್ಚಾಗಿ ಅಲ್ಲಿ ಕೇಳುವುದು ಅಂಕಿಗಳನ್ನು: ಸೀಲಿನ ಅಂಚಿನಲ್ಲಿ ಏನು ಬರೆದಿದೆ, ಬೇರಿಂಗಿನ ಮೇಲೆ ಯಾವ ನಂಬರು, ಪಿಟಿಒ ಷಾಫ್ಟಿಗೆ ಎಷ್ಟು ಕಚ್ಚು. ಉತ್ತರ ಕೈಯಲ್ಲಿದ್ದರೆ, ಯಂತ್ರ ಮಾಡಿದ ಕಂಪನಿ ಮುಚ್ಚಿಹೋಗಿದ್ದರೂ ವ್ಯಾಪಾರ ನಿಲ್ಲುವುದಿಲ್ಲ.

ಈಗ ರಿಪೇರಿಯ ಒಳಗೆ ಇಳಿಯೋಣ. ಬೇಲಿಯಿಂದ ಕಳಚಿ ಹುಲ್ಲಿನಲ್ಲಿ ಬಿದ್ದ ತಂತಿ, ಹುಲ್ಲಿನ ಉರುಳೆ ಕಟ್ಟಿದ ದಾರ ಬ್ಲೇಡಿನ ಷಾಫ್ಟಿಗೆ ಸುತ್ತಿಕೊಳ್ಳುತ್ತದೆ. ಸುತ್ತುತ್ತ ಮೇಲೇರಿ ಕೆಳಗಿನ ಸೀಲಿನ ರಬ್ಬರ್ ತುಟಿಯನ್ನು ಕೊಯ್ಯುತ್ತದೆ. ಆಯಿಲು ಹನಿಹನಿಯಾಗಿ ಇಳಿದು ಹುಲ್ಲಿಗೆ ಹೋಗುವುದರಿಂದ ಯಾರಿಗೂ ಕಾಣುವುದಿಲ್ಲ. ಒಣಗಿದ ಬೇರಿಂಗ್ ಮೊದಲು ಬಿಸಿಯಾಗುತ್ತದೆ, ಆಮೇಲೆ ಕೂಗುತ್ತದೆ, ಷಾಫ್ಟಿಗೆ ಪ್ಲೇ ಬರುತ್ತದೆ. ಷಾಫ್ಟು ಅಲುಗಿದ ಮೇಲೆ ಗೇರುಗಳ ಹಲ್ಲು ಸರಿಯಾದ ಜಾಗದಲ್ಲಿ ಕೂಡದೆ ತುದಿಯಲ್ಲೇ ಭಾರ ಹೊತ್ತು ಚಿಪ್ಪೇಳುತ್ತದೆ. ಇಲ್ಲಿಗೆ ಬಂದ ಯಂತ್ರವನ್ನು ಎತ್ತಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ಕನ್ನು ನಂಬದೆ ಗಟ್ಟಿ ದಿಮ್ಮಿಗಳ ಮೇಲೆ ನಿಲ್ಲಿಸಿ, ಕೆಳಗಿನ ದೊಡ್ಡ ನಟ್ಟಿನ ಪಿನ್ನು ಕಿತ್ತು, ಪಟ್ಟಿಯನ್ನು ಬಿಡಿಸುವುದೇ ಅರ್ಧ ಕೆಲಸ. ವರ್ಷಗಳ ತುಕ್ಕು ಅದನ್ನು ಷಾಫ್ಟಿಗೆ ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ; ಪುಲ್ಲರ್, ಬೆಂಕಿ, ಸುತ್ತಿಗೆ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು. ಪೆಟ್ಟಿಗೆ ಕೈಗೆ ಬಂದ ಮೇಲೆ ಉಳಿದದ್ದು ಅಳತೆಯ ಕೆಲಸ. ಮುಚ್ಚಳದಡಿಯ ಶಿಮ್ಮುಗಳು ಎಷ್ಟಿದ್ದವು, ಯಾವ ಬದಿಯಲ್ಲಿದ್ದವು ಎಂದು ಬರೆದಿಟ್ಟುಕೊಳ್ಳದವನು ಮುಂದೆ ಪರದಾಡುತ್ತಾನೆ, ಏಕೆಂದರೆ ಎರಡು ಗೇರುಗಳ ನಡುವಿನ ಕೂದಲೆಳೆಯಷ್ಟು ಸಡಿಲವನ್ನು ನಿರ್ಧರಿಸುವುದು ಆ ತೆಳು ತಗಡುಗಳೇ. ಹಲ್ಲಿಗೆ ನೀಲಿ ಬಣ್ಣ ಸವರಿ, ಕೈಯಲ್ಲಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುತ್ತಾರೆ. ಅಂಚಿಗೆ ಬಿದ್ದರೆ ಮತ್ತೆ ಬಿಚ್ಚಬೇಕು. ಹೊಸ ಸೀಲು ಹಾಕುವ ಮುನ್ನ ಷಾಫ್ಟಿನ ಮೇಲೆ ಹಳೆಯದು ಕೊರೆದ ಗೆರೆಯಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಬೇಕು. ಇದ್ದರೆ ಎಷ್ಟು ಒಳ್ಳೆಯ ಸೀಲೂ ಸೋರುತ್ತದೆ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಪೆಟ್ಟಿಗೆಯ ತಲೆಯ ಮೇಲೊಂದು ಗಾಳಿಕಿಂಡಿ ಇರುತ್ತದೆ. ಧೂಳು ತುಂಬಿ ಅದು ಮುಚ್ಚಿದರೆ, ಬಿಸಿಯಾದ ಒಳಗಾಳಿ ಹಿಗ್ಗಿ, ಚೆನ್ನಾಗಿರುವ ಸೀಲಿನ ಮೂಲಕವೇ ಆಯಿಲನ್ನು ಹೊರಗೆ ದೂಡುತ್ತದೆ. ಸೀಲಿನ ಮೇಲೆ ಸೀಲು ಬದಲಿಸಿದರೂ ಸೋರಿಕೆ ನಿಲ್ಲದ ಎಷ್ಟೋ ಪೆಟ್ಟಿಗೆಗಳಿಗೆ ಬೇಕಾಗಿದ್ದದ್ದು ಆ ಕಿಂಡಿಗೆ ಚುಚ್ಚುವ ಒಂದು ತಂತಿ.

ಇಷ್ಟೆಲ್ಲ ಮಾಡುವುದು ಕೈಯೇ, ಸಂಶಯವಿಲ್ಲ. ಆದರೆ ಹಳೆಯ ಬೇರಿಂಗನ್ನು ಕಿತ್ತು ತೆಗೆದ ಆ ಕೈ ಮುಂದೇನು ಮಾಡುತ್ತದೆ ನೋಡಿ: ಗ್ರೀಸು ಒರೆಸಿ ನಂಬರು ಓದುತ್ತದೆ. 30207 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಬೇಕು, ಅದು 35 ಮಿಲಿಮೀಟರ್ ಷಾಫ್ಟಿನ ಟೇಪರ್ ಬೇರಿಂಗ್. ಜಪಾನಿನಲ್ಲಿ ಮಾಡಿದ್ದಾದರೂ ಜಮ್ಶೆಡ್‌ಪುರದಲ್ಲಿ ಮಾಡಿದ್ದಾದರೂ ಅದೇ ಅಳತೆ. ಸೀಲಿನ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಅಚ್ಚಾಗಿರುತ್ತವೆ. 540 ಸುತ್ತಿನ ಪಿಟಿಒ ಎಂದರೆ ಒಂದೂ ಮುಕ್ಕಾಲು ಅಲ್ಲ, ಒಂದೂವರೆ ಅಲ್ಲ, ಒಂದೂ ಮೂರೆಂಟಾಂಶ ಇಂಚಿನ, ಆರು ಕಚ್ಚಿನ ಷಾಫ್ಟು. ಪಿಟಿಒಗೆ ಒಂದು ಸಾಮಾನ್ಯ ಅಳತೆ ಬೇಕೆಂದು ಅಮೆರಿಕದ ಕೃಷಿ ಎಂಜಿನಿಯರುಗಳು ಕೂತು ಒಪ್ಪಿಕೊಂಡದ್ದು 1920ರ ದಶಕದಲ್ಲಿ. ಹ್ಯಾರಿ ಫರ್ಗುಸನ್ ರೂಪಿಸಿದ ಮೂರು ತೋಳಿನ ಕೊಂಡಿ 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನ ಮೇಲೆ ಬಂದು, ಕಾಲಕ್ರಮೇಣ ಎಲ್ಲರ ಸೊತ್ತಾಯಿತು. ಇಂದು ಅಲಬಾಮಾದ ಕಟರಿನ ಹಿಂದಿರುವ ಇದೇ ಒಪ್ಪಂದ ರಾಯಚೂರಿನ ರೊಟವೇಟರಿನ ಹಿಂದೆಯೂ ಇದೆ. ಮೇಸ್ತ್ರಿಯ ಕೈ ಕೆಲಸ ಮಾಡುವುದು ಈ ಒಪ್ಪಂದ ಹಾಸಿಕೊಟ್ಟ ನೆಲದ ಮೇಲೆ. ಗೇರ್‌ಬಾಕ್ಸ್ ರಿಪೇರಿಯಾಗುತ್ತದೋ ಇಲ್ಲವೋ ಎಂಬುದು, ಅದನ್ನು ಮಾಡಿದವರು ಪೇಟೆಯ ಬೇರಿಂಗನ್ನೇ ಆರಿಸಿ, ನಂಬರನ್ನು ಅಳಿಸದೆ, ಮುಚ್ಚಳವನ್ನು ಬೋಲ್ಟಿನಲ್ಲಿ ಕಟ್ಟಿದ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಇದಕ್ಕೆ ಅಲ್ಲಿನವರೇ ಎತ್ತುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಬೇರಿಂಗು, ಸೀಲು, ಗೇರು ಎಲ್ಲ ಕೊಂಡು ಎರಡು ದಿನದ ಕೂಲಿ ಸೇರಿಸಿದರೆ, ಹೊರಗಿನಿಂದ ಬರುವ ಹೊಸ ಗೇರ್‌ಬಾಕ್ಸೇ ಅಗ್ಗವಾಗಬಹುದು. ಮತ್ತೇಕೆ ಈ ಒದ್ದಾಟ? ಗೇರುಗಳೇ ಹೋಗಿದ್ದರೆ, ಪೆಟ್ಟಿಗೆ ಸೀಳಿದ್ದರೆ ಈ ಮಾತು ಸರಿ. ಅದಕ್ಕೆ ಹೊಸದೇ ಹಾಕಬೇಕು. ಆದರೆ ಆ ಹೊಸ ಪೆಟ್ಟಿಗೆ ಹಳೆಯ ಚಪ್ಪರದ ಮೇಲೆ ಕೂಡುವುದಾದರೂ ಹೇಗೆ? ಬೋಲ್ಟಿನ ತೂತುಗಳ ಅಂತರ, ಸುತ್ತಿನ ಅನುಪಾತ, ಷಾಫ್ಟಿನ ಕಚ್ಚು, ತಿರುಗುವ ದಿಕ್ಕು ಹೊಂದಿದರೆ ತಾನೇ? ಅಂದರೆ ಬದಲಾವಣೆಯೂ ಅದೇ ಒಪ್ಪಂದದ ಆಸರೆಯಲ್ಲೇ ನಡೆಯುತ್ತದೆ. ಮತ್ತೆ, ಅಗ್ಗ ಎಂಬುದು ಕೈಯಲ್ಲಿ ದುಡ್ಡೋ ಸಾಲವೋ ಇರುವವನ ಲೆಕ್ಕ. ಅಮೆರಿಕದ ಕೃಷಿ ಇಲಾಖೆಯ ಸಾಲದಲ್ಲಿ ಕಪ್ಪು ರೈತರಿಗೆ ತಾರತಮ್ಯವಾಗಿದೆ ಎಂಬ ಪಿಗ್‌ಫರ್ಡ್ ಮೊಕದ್ದಮೆ ಇತ್ಯರ್ಥವಾದದ್ದು 1999ರಲ್ಲಿ. ಸಾಲದ ಬಾಗಿಲು ಮುಚ್ಚಿದ್ದ ಅಷ್ಟೂ ಕಾಲ ಹೊಸದು ಎಂಬ ಆಯ್ಕೆಯೇ ಇಲ್ಲದವರಿಗೆ, ಸೀಲಿನ ಮೇಲೆ ಅಚ್ಚಾದ ಮೂರು ಅಂಕಿಗಳೇ ದೊಡ್ಡ ಆಸರೆ. ಸೆಲ್ಮಾದ ಸೇತುವೆಗೂ ಸೆಲ್ಮಾದ ಹುಲ್ಲಿಗೂ ಇರುವ ನಂಟು ನನಗೆ ಕಾಣುವುದು ಇಲ್ಲಿ.

ಎರಡನೆಯ ಆಕ್ಷೇಪ ಹೊಲದಲ್ಲಿ ನಿಂತವರದು: ಸೋರುವ ಪೆಟ್ಟಿಗೆಗೆ ಆಯಿಲಿನ ಬದಲು ಗ್ರೀಸು ತುಂಬಿದರೆ ಮುಗಿಯಿತು, ಬಿಚ್ಚುವುದೇ ಬೇಡ. ಈ ಉಪಾಯ ನಮ್ಮಲ್ಲೂ ಹಳೆಯದು. ಗಟ್ಟಿ ಗ್ರೀಸು ಗೇರಿನ ಹಲ್ಲಿನಿಂದ ಒಮ್ಮೆ ಎಸೆದು ಹೋದರೆ ಗೋಡೆಗೆ ಅಂಟಿ ಅಲ್ಲೇ ಕೂರುತ್ತದೆ; ಮರಳಿ ಹಲ್ಲಿಗೆ ಬರುವುದಿಲ್ಲ, ಮೇಲಿನ ಬೇರಿಂಗಿಗೆ ಮುಟ್ಟುವುದಂತೂ ದೂರ. ಅರೆದ್ರವದ ಗ್ರೀಸು ಪರವಾಗಿಲ್ಲ, ಅದು ಹರಿದು ವಾಪಸು ಬರುತ್ತದೆ, ಸುಗ್ಗಿಯ ನಡುವೆ ಯಂತ್ರ ನಿಲ್ಲಿಸಲಾಗದವನಿಗೆ ಒಂದು ಹಂಗಾಮು ದಾಟಿಸುತ್ತದೆ. ಅದನ್ನು ತಪ್ಪೆನ್ನಲಾರೆ. ತಪ್ಪೆನ್ನಬೇಕಾದದ್ದು ಇನ್ನೊಂದು ಉಪಾಯವನ್ನು. ಪಿಟಿಒ ಷಾಫ್ಟಿನಲ್ಲಿ ಮೆತ್ತನೆಯ ಉಕ್ಕಿನ ಷಿಯರ್ ಬೋಲ್ಟ್ ಇರುತ್ತದೆ; ಬ್ಲೇಡು ಮೋಟಿಗೆ ಬಡಿದಾಗ ಅದು ತುಂಡಾಗಿ ಗೇರುಗಳನ್ನು ಉಳಿಸಬೇಕು. ಮತ್ತೆ ಮತ್ತೆ ತುಂಡಾಗುವುದರಿಂದ ಬೇಸತ್ತು ಅಲ್ಲಿಗೆ ಗಟ್ಟಿ ಬೋಲ್ಟ್ ಹಾಕುವವರು ಎರಡೂ ದೇಶಗಳಲ್ಲಿದ್ದಾರೆ. ಆಗ ಮುರಿಯುವುದು ಗೇರಿನ ಹಲ್ಲು. ಬೋಲ್ಟಿನ ತಲೆಯ ಮೇಲೆ ಗೆರೆ ಗುರುತಿದ್ದರೆ ಅದು ಗಟ್ಟಿಯದು, ಏನೂ ಇಲ್ಲದ ಬೋಳು ತಲೆ ಮೆತ್ತನೆಯದು. ಅಮೆರಿಕನ್ ಇಂಚು ಬೋಲ್ಟುಗಳಲ್ಲಿ ಅದೂ ಓದಬಹುದಾದ ಒಂದು ಒಪ್ಪಂದವೇ. ಹಳೆಯ ಯಂತ್ರ ಅಪಾಯಕಾರಿ, ಅದನ್ನು ಉಳಿಸುವುದೇಕೆ ಎನ್ನುವವರಿಗೂ ಉತ್ತರ ಇದರಲ್ಲಿದೆ. ಕಟರ್ ಕಲ್ಲನ್ನು ಬಹು ದೂರ ಎಸೆಯುತ್ತದೆ, ಮುಚ್ಚಿಲ್ಲದ ಪಿಟಿಒ ಷಾಫ್ಟು ಬಟ್ಟೆ ಹಿಡಿದು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಷಾಫ್ಟಿನ ಕವಚ, ಚಪ್ಪರದ ಸರಪಳಿ ಪರದೆ, ಸರಿಯಾದ ಬೋಲ್ಟು ಇವನ್ನು ಸೇರಿಸದ ರಿಪೇರಿಯನ್ನು ರಿಪೇರಿ ಎಂದು ಕರೆಯಬಾರದು.

ಅಲಬಾಮಾದಲ್ಲಿ ಕಾಗದ ಸಿಗುತ್ತದೆ: ಪ್ರತಿ ಮಾದರಿಗೂ ಬಿಡಿಭಾಗಗಳ ಚಿತ್ರವಿರುವ ಪುಸ್ತಕ, ಗೇರ್‌ಬಾಕ್ಸಿಗೇ ಹೊಡೆದ ತಗಡಿನ ಪಟ್ಟಿ, ಅದರ ಮೇಲೆ ಅನುಪಾತ. ಪಟ್ಟಿಯಲ್ಲಿ ಕೆಲವೊಮ್ಮೆ ಕಾಣುವುದು ಇಟಲಿಯ ಪೋ ಕಣಿವೆಯ ಕಾರ್ಖಾನೆಗಳ ಹೆಸರು. ರೆಜೊಲೊದ ಕೋಮರ್, ಸುಝಾರಾದ ಬೋಂಡಿಯೋಲಿ ಎ ಪವೇಸಿ. ಆದರೆ ಅಲ್ಲಿ ಬಿಚ್ಚುವ ಕೈಗೆ ಕೂಲಿ ದುಬಾರಿ. ಇಲ್ಲಿಗೆ ಬಂದು ತುಂಗಭದ್ರಾ ಎಡದಂಡೆಯ ಸಿಂಧನೂರು, ಗಂಗಾವತಿಯ ಸಾಲು ಗ್ಯಾರೇಜುಗಳ ಮುಂದೆ ನಿಂತರೆ ಲೆಕ್ಕ ತಿರುಗಾಮುರುಗಾ. ಭತ್ತದ ಗದ್ದೆಯಲ್ಲಿ ಕೆಸರು ಕಲಸುವ ರೊಟವೇಟರಿನ ಬದಿಯ ಸೀಲಿನಿಂದ ನೀರು ಒಳನುಗ್ಗಿ, ಆಯಿಲು ಹಾಲಿನ ಬಣ್ಣಕ್ಕೆ ತಿರುಗಿ ಬಂದ ಗೇರ್‌ಬಾಕ್ಸುಗಳು ನಾಟಿ ಹಂಗಾಮಿನಲ್ಲಿ ಸಾಲುಗಟ್ಟುತ್ತವೆ. ತಾಸಿನ ಬಾಡಿಗೆಗೆ ಓಡುವ ಯಂತ್ರ. ನಿಂತ ದಿನದ ನಷ್ಟ ಮಾಲೀಕನೊಬ್ಬನದಲ್ಲ, ಸಸಿಮಡಿ ಬಲಿತು ಕೂತ ಹತ್ತು ಮನೆಗಳದು. ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕಾಗದಕ್ಕೆ. ಬಿಡಿಭಾಗದ ಪುಸ್ತಕ ಇದ್ದರೆ ಇಂಗ್ಲಿಷಿನಲ್ಲಿ, ಅದೂ ಡೀಲರನ ಮೇಜಿನಲ್ಲಿ. ಮೇಸ್ತ್ರಿ ಹಳೆಯ ಬೇರಿಂಗನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುತ್ತಾನೆ. ನಂಬರು ಸವೆದಿದ್ದರೆ ಅಳತೆ ಹಿಡಿದು ಹುಡುಕುತ್ತಾನೆ.

ಈ ನೆಲಕ್ಕೆ ಈ ಪಾಠ ಹೊಸದೂ ಅಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಯಲ್ಲಿ ಹೊಂದಿಕೊಂಡು ಧಾರವಾಡ-ಅಮೆರಿಕನ್ ಹತ್ತಿ ಎನಿಸಿತು. ಆ ಹತ್ತಿಯ ಅರಳೆ ಬಿಡಿಸಲು ಗರಗಸದ ಜಿನ್ನುಗಳೂ ಬಂದವು. ಗರಗಸ ಮೊಂಡಾದರೆ ಹರಿತ ಮಾಡುವವರು, ಹಲ್ಲು ಮುರಿದರೆ ಬದಲಿಸುವವರು ಹತ್ತಿರ ಇಲ್ಲದಿದ್ದರೆ ಯಂತ್ರ ಮೂಲೆಗೆ ಬೀಳುತ್ತದೆ. ಆಗ ಸರ್ಕಾರವೇ ಧಾರವಾಡದಲ್ಲಿ ಜಿನ್ ಮಾಡುವ, ರಿಪೇರಿ ಮಾಡುವ ಕಾರ್ಖಾನೆ ನಡೆಸಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬೇಕಿತ್ತು ಎಂಬುದೇ ಅದರ ಹಿಂದಿನ ಕಾರಣ, ರೈತನ ಮೇಲಿನ ಪ್ರೀತಿಯಲ್ಲ. ಆದರೂ ಯಂತ್ರ ಹಂಚಿದರೆ ಸಾಲದು, ಅದನ್ನು ತೆರೆದು ನೋಡುವ ದಾರಿಯನ್ನೂ ಜೊತೆಗೆ ಕೊಡಬೇಕು ಎಂಬುದು ಆ ಲಾಭಕೋರ ಸರ್ಕಾರಕ್ಕೂ ತಿಳಿದಿತ್ತು.

ತೆರೆದು ನೋಡುವ ಈ ದಾರಿಗಾಗಿಯೇ ಇಂದು ಅಮೆರಿಕದಲ್ಲಿ ದೊಡ್ಡ ಯಂತ್ರಗಳ ಸಾಫ್ಟ್‌ವೇರಿನ ಸುತ್ತ ಜಗಳ ನಡೆಯುತ್ತಿದೆ. ಕೃಷಿ ಯಂತ್ರಗಳನ್ನು ರಿಪೇರಿ ಮಾಡಿಕೊಳ್ಳುವ ಹಕ್ಕಿಗೆ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು. ಇದೇ ಹಕ್ಕಿನ ಬಗ್ಗೆ ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ನೇಮಿಸಿದ ಸಮಿತಿ ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆದರೆ ಕಂಪ್ಯೂಟರೇ ಇಲ್ಲದ ರೊಟವೇಟರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ಸಬ್ಸಿಡಿಯಲ್ಲಿ ರೈತನ ಮನೆಗೆ ಹೋಗುವ, ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ನಿಲ್ಲುವ ಪ್ರತಿ ರೊಟವೇಟರಿನ ಗೇರ್‌ಬಾಕ್ಸಿನ ಮೇಲೂ ಬೇರಿಂಗ್ ನಂಬರು, ಸೀಲಿನ ಅಳತೆ, ಆಯಿಲಿನ ದರ್ಜೆ ಮತ್ತು ಮಟ್ಟ, ಷಿಯರ್ ಬೋಲ್ಟಿನ ಗಾತ್ರ ಇವಿಷ್ಟನ್ನು ಕನ್ನಡದಲ್ಲಿ ಕೊರೆದ ಒಂದು ತಗಡು ಇರಲಿ ಎಂದು ಸರ್ಕಾರ ಷರತ್ತು ಹಾಕಬಹುದು. ದುಡ್ಡು ಕೊಡುವವರಿಗೆ ಆ ಅಧಿಕಾರವಿದೆ. ಹಾಗೆ ನಂಬರು ಬಯಲಿಗಿಟ್ಟರೆ ಡ್ಯುಪ್ಲಿಕೇಟ್ ಮಾಲು ಹೆಚ್ಚುತ್ತದೆ ಎಂದು ತಯಾರಕರು ಹೇಳುತ್ತಾರೆ. ಡ್ಯುಪ್ಲಿಕೇಟ್ ಈಗಲೇ ಧಾರಾಳವಾಗಿದೆ, ಮತ್ತು ಅದು ಬೆಳೆಯುವುದು ನಂಬರು ಗೊತ್ತಿಲ್ಲದ ಕಡೆಯಲ್ಲೇ. ಅಳತೆ ತಿಳಿಯದ ರೈತ ಅಂಗಡಿಯವನು ಕೊಟ್ಟದ್ದನ್ನು ತರುತ್ತಾನೆ. 30207 ಎಂದು ಓದಿ ಹೋದವನು, ಅದೇ ನಂಬರಿನಲ್ಲಿ ತನಗೆ ನಂಬಿಕೆಯಿರುವ ಕಂಪನಿಯ ಬೇರಿಂಗನ್ನು ಕೇಳಿ ಪಡೆಯುತ್ತಾನೆ.